ಕೆಂಪು ಮುಗಿಯೋವರೆಗೆ ಓಡು, ಪುಟ್ಟ

ನನ್ನ ಮಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಮಾತು ಕಡಿಮೆ, ಅಂಕಿ ಅಂದ್ರೆ ಪ್ರಾಣ. "ಬಾ, ಓಡೋಣ" ಅಂದ್ರೆ ನೆಲಕ್ಕೆ ಕೂತುಬಿಡುತ್ತಿದ್ದ. ಹಟ ಅಂದುಕೊಂಡಿದ್ದೆ. ಎಷ್ಟು ಹೊತ್ತು ಓಡಬೇಕು, ಆಮೇಲೆ ಏನು ಅಂತ ಗೊತ್ತಾಗದೆ ಅವನಿಗೆ ದಿಗಿಲಾಗ್ತಿದೆ ಅಂತ ಓಟಿ (ಆಕ್ಯುಪೇಷನಲ್ ಥೆರಪಿ) ಮೇಡಂ ಬಿಡಿಸಿ ಹೇಳಿದ ಮೇಲೇ ನನಗೆ ಅರ್ಥವಾಗಿದ್ದು.

ಮೊದಲು ಹಾಕಿಕೊಂಡದ್ದು ಮಕ್ಕಳ ವ್ಯಾಯಾಮದ ಒಂದು ಆ್ಯಪ್. ಪ್ರತಿ ಜಿಗಿತಕ್ಕೂ ಚಪ್ಪಾಳೆ, ಪಟಾಕಿ ಸದ್ದು. ಎರಡನೇ ದಿನವೇ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಂಡ. ಅವತ್ತೇ ತೆಗೆದುಹಾಕಿದೆ.

ಆಮೇಲೆ ಸಿಕ್ಕಿದ್ದು ಒಂದು ಸಾದಾ ಟೈಮರ್ ಆ್ಯಪ್. ಗಡಿಯಾರದ ಮುಖದ ಹಾಗೆ ಕೆಂಪು ವೃತ್ತ ಇರುತ್ತೆ, ಸಮಯ ಕಳೆದ ಹಾಗೆ ಕೆಂಪು ಕರಗುತ್ತಾ ಹೋಗುತ್ತೆ. ಸದ್ದು ಪೂರ್ತಿ ಆಫ್ ಮಾಡಿದೆ. ಮೊದಲ ವಾರ ಬರೀ ಎರಡು ನಿಮಿಷ. ಕೆಂಪು ಖಾಲಿಯಾದ ತಕ್ಷಣ ನಿಲ್ಲಿಸಲೇಬೇಕು, ಇದು ಬಹಳ ಮುಖ್ಯ. ಚೆನ್ನಾಗಿ ಮಾಡ್ತಿದ್ದಾನೆ ಅಂತ "ಇನ್ನೊಂದು ಸುತ್ತು" ಅಂದ್ರೆ ಅವನಿಗೆ ಟೈಮರ್ ಮೇಲಿನ ನಂಬಿಕೆಯೇ ಹೋಗುತ್ತೆ. ನಾನು ಒಮ್ಮೆ ಹಾಗೆ ಮಾಡಿದ್ದಕ್ಕೆ, ಹತ್ತು ದಿನ ಅವನು ಫೋನಿನ ಕಡೆ ತಿರುಗಿಯೂ ನೋಡಲಿಲ್ಲ.

ಹೇಗೆ ಮಾಡಬೇಕು ಅಂತ ತೋರಿಸೋಕೆ ಅವನ ಅತ್ತೆ ಮಗಳು ಕುಂಟೆಬಿಲ್ಲೆ ಆಡೋದನ್ನ ನನ್ನ ಫೋನಿನಲ್ಲೇ ಶೂಟ್ ಮಾಡಿದೆ. ಒಂದೊಂದು ಕ್ಲಿಪ್ ಹತ್ತು ಸೆಕೆಂಡ್, ಒಂದರಲ್ಲಿ ಒಂದೇ ಹೆಜ್ಜೆ, ಹಿಂದೆ ಖಾಲಿ ಗೋಡೆ. ಪರದೆಯ ಕಾರ್ಟೂನಿಗಿಂತ ಗೊತ್ತಿರೋ ಕಾಲುಗಳು ಅವನಿಗೆ ಬೇಗ ಹಿಡಿಸಿದವು. ಮಧ್ಯೆ ಯೂಟ್ಯೂಬ್‌ಗೆ ಜಾರದ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ ಮಾಡಿಡುತ್ತೇನೆ, ಅಂದ್ರೆ ಪರದೆ ಮೇಲೆ ಅದೊಂದೇ ಆ್ಯಪ್ ಇರೋ ಹಾಗೆ. ಇದಿಲ್ಲದಿದ್ದರೆ ಎಲ್ಲಾ ನೀರಲ್ಲಿ ಹೋಮ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುವಾಗ ಹೆಜ್ಜೆ ಎಣಿಸೋ ಆ್ಯಪ್ ಮಾತ್ರ. ಫೋನ್ ನನ್ನ ಜೇಬಿನಲ್ಲಿ ಇರುತ್ತೆ, ಬೆಂಚಿನ ಹತ್ತಿರ ಬಂದಾಗ ತೋರಿಸುತ್ತೇನೆ. 1,000 ಕಂಡರೆ ಕೈ ಬಡಿದುಕೊಂಡು ಕುಣಿಯುತ್ತಾನೆ, ಅದಕ್ಕಿಂತ ದೊಡ್ಡ ಬಹುಮಾನ ನಾನು ಕೊಡಲಾರೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಗ್ಗಿಸೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಎಂಟು ತಿಂಗಳಾದ ಮೇಲೆ ನಾವು 25ಕ್ಕೆ ಬಂದಿದ್ದೇವೆ. ನನಗೆ ಅವಸರವಿಲ್ಲ.

ಮೊನ್ನೆ ಸಂಜೆ ಜೋರು ಮಳೆ. ಇವತ್ತು ಬೇಡ ಅಂತ ನಾನು ಸುಮ್ನೆ ಕೂತಿದ್ದೆ. ಐದೂವರೆಗೆ ಸರಿಯಾಗಿ ಫೋನ್ ತಂದು ನನ್ನ ತೊಡೆ ಮೇಲಿಟ್ಟ, ಇನ್ನೊಂದು ಕೈಯಲ್ಲಿ ಸೀಮೆಸುಣ್ಣ. ಹಾಲ್‌ನಲ್ಲೇ ಕುಂಟೆಬಿಲ್ಲೆ ಮನೆ ಬರೆದೆವು.