ಪಂಚಾಯಿತಿ ಪುಸ್ತಕದಲ್ಲಿ ಊರಿನ ಮಿಡಿ, ಮೀನು, ಮರ ಬರೆಸುವುದು ಹೇಗೆ

ನಾನು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯೆ. ಹೆಸರು ಉದ್ದ, ಕೆಲಸ ಸರಳ. ಊರಲ್ಲಿ ಏನೇನು ಬೆಳೆಯುತ್ತದೆ, ಏನು ಕಮ್ಮಿಯಾಗುತ್ತಿದೆ ಅಂತ ಊರವರಿಂದಲೇ ಬರೆಸಿ, ಅದನ್ನು ಉಳಿಸುವ ತೀರ್ಮಾನ ಪಂಚಾಯಿತಿಯಿಂದ ಮಾಡಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಈ ಸಮಿತಿ ಇರಲೇಬೇಕು. ನಿಮ್ಮೂರಲ್ಲೂ ಇದ್ದೀತು, ಯಾರಿಗೂ ಗೊತ್ತಿರಲಿಕ್ಕಿಲ್ಲ ಅಷ್ಟೇ.

ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ ಎರಡು ವಿಷಯ ಕೇಳಿ. ಸಮಿತಿಯಲ್ಲಿ ಯಾರ್‍ಯಾರಿದ್ದಾರೆ? ಊರಿನ ಗಿಡ, ಪ್ರಾಣಿ, ತಳಿಗಳನ್ನು ಬರೆದಿಡುವ ಪುಸ್ತಕ, ಅಂದರೆ ಜನತಾ ಜೀವವೈವಿಧ್ಯ ದಾಖಲಾತಿ ಎಲ್ಲಿದೆ? ಬೀರುವಿನಿಂದ ಒಂದು ಪುಸ್ತಕ ಬರಬಹುದು. 2020ರ ಜನವರಿ 31ರೊಳಗೆ ಎಲ್ಲ ಕಡೆ ಸಮಿತಿ, ದಾಖಲಾತಿ ಎರಡೂ ಆಗಬೇಕು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಆ ಗಡಿಬಿಡಿಯಲ್ಲಿ ಎಷ್ಟೋ ಕಡೆ ಊರಿಗೆ ಕಾಲಿಡದೆಯೇ ಪುಟ ತುಂಬಿಸಿದ್ದಾರೆ. ಪರೀಕ್ಷೆ ಮಾಡುವುದು ಸುಲಭ. ನಿಮ್ಮೂರಿನ ಒಂದು ಹಳ್ಳದ ಹೆಸರು, ಒಂದು ಹಳೇ ಭತ್ತದ ತಳಿ ಆ ಪುಸ್ತಕದಲ್ಲಿ ಇದೆಯಾ ಹುಡುಕಿ. ಮಾವು, ಹಲಸು, ಬೇವು, ತುಳಸಿ ಅಂತಷ್ಟೇ ಇದ್ದರೆ ಅದು ಸಾಗರದ್ದೂ ಆಗಬಹುದು, ಬೀದರಿನದ್ದೂ ಆಗಬಹುದು. ಬೇಜಾರು ಬೇಡ. ಈ ದಾಖಲಾತಿ ಒಮ್ಮೆ ಬರೆದು ಮುಚ್ಚಿಡುವಂಥದ್ದಲ್ಲ, ಯಾವಾಗ ಬೇಕಾದರೂ ಸೇರಿಸಬಹುದು.

ಆಮೇಲೆ ಸಮಿತಿ. 2004ರ ನಿಯಮದಲ್ಲಿ ಅಧ್ಯಕ್ಷರ ಜೊತೆ ಆರು ಜನ ಅಂತಿತ್ತು, ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತಲೂ ಇತ್ತು. 2023ರ ತಿದ್ದುಪಡಿ ಏಳರಿಂದ ಹನ್ನೊಂದು ಜನರವರೆಗೆ ಅವಕಾಶ ಕೊಟ್ಟಿದೆ. ಸಂಖ್ಯೆಯ ಲೆಕ್ಕ ಪಿಡಿಒ ನೋಡಿಕೊಳ್ಳುತ್ತಾರೆ, ಹೆಸರುಗಳನ್ನು ನೀವು ನೋಡಿಕೊಳ್ಳಿ. ಸಭೆಗಳಲ್ಲಿ ಚೆನ್ನಾಗಿ ಮಾತಾಡುವವರು ಹೇಗೂ ಬರುತ್ತಾರೆ. ಉಪ್ಪಾಗೆ (ಸಿಪ್ಪೆಯನ್ನು ಹುಳಿಗೆ ಬಳಸುವ ಕಾಡುಹಣ್ಣು) ಕೊಯ್ಯುವವರು, ಜೇನು ಕೀಳುವವರು, ಹೊಳೆಗೆ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಾಕುವವರು, ಬೀಜ ಕಟ್ಟಿ ಅಟ್ಟದ ಮೇಲಿಟ್ಟ ಅಜ್ಜಿಯಂದಿರು ತಾವಾಗಿ ಬರುವುದಿಲ್ಲ. ಅವರ ಮನೆಗೆ ಹೋಗಿ ಕರೆಯಬೇಕು. ಕೂಲಿ ಬಿಟ್ಟು ಬರುವವರಿಗಾಗಿ ಸಭೆಯನ್ನು ಸಂಜೆಗೆ ಇಡಿ.

ಇನ್ನು ಬರೆಯುವ ಕೆಲಸ. ಪಂಚಾಯಿತಿ ಹಾಲ್‌ನಲ್ಲಿ ಕುರ್ಚಿ ಹಾಕಿ, 'ನಿಮಗೆ ಗೊತ್ತಿರುವ ಗಿಡ ಹೇಳಿ' ಅಂದರೆ ಎಲ್ಲರೂ ಅಮೃತಬಳ್ಳಿ ಅಂತಾರೆ. ನನ್ನ ಅನುಭವದಲ್ಲಿ ಕಾಲ ನೋಡಿ ಜಾಗಕ್ಕೆ ಹೋಗಬೇಕು. ಮಿಡಿ ಕಾಲದಲ್ಲಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಮರದ ಬುಡಕ್ಕೆ ಹೋಗಿ. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ತಿಳಿದವರು ಅದನ್ನು ಮೂಸಿದ ಕೂಡಲೇ ಜೀರಿಗೆ ಪರಿಮಳವೋ ಕರ್ಪೂರದ್ದೋ ಹೇಳಿಬಿಡುತ್ತಾರೆ. ಮುಂದಿನ ಮಾತು ತಾನಾಗಿ ಬರುತ್ತದೆ: ಈ ಮರ ವರ್ಷ ಬಿಟ್ಟು ವರ್ಷ ಬಿಡುತ್ತದೆ, ಇದರ ಮಿಡಿ ಉಪ್ಪಿನಕಾಯಿಯಲ್ಲಿ ಮೆತ್ತಗಾಗುವುದಿಲ್ಲ, ಹೊಳೆಯಾಚೆ ಇಂಥದ್ದೇ ಇನ್ನೊಂದಿತ್ತು, ಯಾರೋ ಕೊಂಬೆ ಕಡಿದು ಮಿಡಿ ಇಳಿಸಿದ ಮೇಲೆ ಒಣಗಿತು. ಇದೆಲ್ಲ ಬರೆಯಿರಿ. 'ಅಪ್ಪೆಮಿಡಿ: ಇದೆ' ಅಂದರೆ ಏನು ಬಂತು? ಮರದ ಕರೆಯುವ ಹೆಸರು, ಜಾಗ, ಪರಿಮಳ, ಯಾರು ಕೊಯ್ಯುತ್ತಾರೆ, ಹೇಗೆ ಇಳಿಸುತ್ತಾರೆ, ಕಸಿ ಕಡ್ಡಿ ಯಾರು ಒಯ್ದಿದ್ದಾರೆ, ಇಷ್ಟಾದರೂ ಬೇಕು. ಸಸ್ಯಶಾಸ್ತ್ರದ ಹೆಸರು ಕಾಲೇಜಿನ ಮೇಷ್ಟ್ರು ಆಮೇಲೆ ಹಾಕಿಕೊಡಲಿ.

ಮಳೆ ಹಿಡಿದಾಗ ಉಪ್ಪಾಗೆಯವರ ಜೊತೆ ಕೂರಿ, ಒಲೆಯ ಹತ್ತಿರವೇ. ಸಿಪ್ಪೆಯನ್ನು ಬೆಂಕಿ ಮೇಲೆ ಒಣಗಿಸಬೇಕು. ಎಷ್ಟು ಸೌದೆ ಬೇಕು ಅಂತ ಅಲ್ಲೇ ಕಣ್ಣಿಗೆ ಕಾಣುತ್ತದೆ. ಹಣ್ಣಾಗುವ ಮೊದಲೇ ಯಾಕೆ ಕೊಯ್ಯುತ್ತೀರಿ ಅಂತ ಕೇಳಿದರೆ ಉತ್ತರ ಒಂದೇ: 'ನಾವು ಬಿಟ್ಟರೆ ಇನ್ನೊಬ್ಬರು ಕೊಯ್ತಾರಲ್ಲ!' ಇದು ದುರಾಸೆಯಲ್ಲ, ಭಯ. ಒಬ್ಬೊಬ್ಬರಿಗೆ ಬುದ್ಧಿ ಹೇಳಿದರೆ ಈ ಭಯ ಹೋಗುವುದಿಲ್ಲ. ಇಂಥ ದಿನಕ್ಕಿಂತ ಮೊದಲು ಯಾರೂ ಮರ ಮುಟ್ಟಬಾರದು, ಕೊಂಬೆ ಕಡಿಯಬಾರದು ಅಂತ ಕೊಯ್ಯುವವರೇ ಕೂತು ದಿನ ಗೊತ್ತು ಮಾಡಬೇಕು. ಗ್ರಾಮಸಭೆಯಲ್ಲಿ ಅದು ಠರಾವಾಗಬೇಕು. ಮರ ಅರಣ್ಯದಲ್ಲಿದ್ದರೆ ಅರಣ್ಯ ಇಲಾಖೆಯವರನ್ನೂ ಅದೇ ಸಭೆಗೆ ಕರೆಯಿರಿ. ಗುತ್ತಿಗೆ, ಪರವಾನಗಿ ಎಲ್ಲ ಅವರ ಕೈಯಲ್ಲೇ ಇರುತ್ತದೆ ಅಲ್ವಾ.

ಮೀನಿನದ್ದೂ ಹೀಗೇ. ಮೊದಲ ಮಳೆಗೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹಳ್ಳ, ಗದ್ದೆಗೆ ಹತ್ತುವ ಮೀನನ್ನು ಆಗಲೇ ಹಿಡಿದರೆ ಮುಂದಿನ ವರ್ಷಕ್ಕೆ ಏನುಳಿಯುತ್ತದೆ? ಆದರೆ ಹತ್ತುಮೀನಿನ ರುಚಿ ಬಲ್ಲವರ ಮುಂದೆ ಈ ಮಾತು ಎತ್ತುವುದು ಕಷ್ಟ, ನಮ್ಮ ಮನೆಯಲ್ಲೇ ಕಷ್ಟ! ಪೂರ್ತಿ ನಿಲ್ಲಿಸಿ ಅನ್ನುವ ಬದಲು, ಹಳ್ಳಕ್ಕೆ ಅಡ್ಡಲಾಗಿ ಪೂರಾ ಕಟ್ಟಬೇಡಿ, ಒಂದು ಕಡೆ ದಾರಿ ಬಿಡಿ, ವಿಷ ಹಾಕಬೇಡಿ ಅಂತ ಶುರು ಮಾಡಿ. ಕೂಣಿ ಹಾಕುವವರೇ ಸಮಿತಿಯಲ್ಲಿದ್ದರೆ ಈ ಮಾತಿಗೆ ತೂಕ ಬೇರೆ.

ನಾಟಿ ವೈದ್ಯರ ವಿಷಯದಲ್ಲಿ ಹುಷಾರು. ಅವರು ಒಪ್ಪಿದಷ್ಟನ್ನೇ ಬರೆಯಿರಿ. ಗಿಡದ ಹೆಸರು ಹಾಕಿ, ಮದ್ದಿನ ಪಾಕ ಬೇಡ ಅಂದರೆ ಬೇಡ. ಅಪರೂಪದ ಗಿಡಗಳ ನಿಖರ ಜಾಗವನ್ನೂ ಎಲ್ಲರ ಕೈಗೆ ಸಿಗುವ ಪ್ರತಿಯಲ್ಲಿ ಹಾಕಬೇಡಿ.

ಹಣದ ಮಾತು ಬಂದೇ ಬರುತ್ತದೆ. ವ್ಯಾಪಾರಕ್ಕೆ ಒಯ್ಯುವವರಿಂದ ಸಮಿತಿ ಸಂಗ್ರಹ ಶುಲ್ಕ ತೆಗೆದುಕೊಳ್ಳಬಹುದು ಅಂತ ಅದೇ 41ನೇ ಸೆಕ್ಷನ್‌ನಲ್ಲಿದೆ. ಮನೆಗೆ ಸೊಪ್ಪು, ಸೀಗೆಕಾಯಿ ತರುವವರಿಗೆ ಇದು ಅನ್ವಯಿಸುವುದಿಲ್ಲ ಅಂತ ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸುಮ್ನೆ ಗಾಳಿಸುದ್ದಿ ಹಬ್ಬುತ್ತದೆ. ಯಾರಿಗೆ ಅನುಮತಿ ಕೊಟ್ಟಿರಿ, ಎಷ್ಟು ಶುಲ್ಕ ಬಂತು ಅನ್ನುವುದಕ್ಕೆ ಬೇರೆ ಪುಸ್ತಕ ಇಡಬೇಕು.

ಒಂದು ಇಡೀ ಜಾಗವೇ ವಿಶೇಷವಾಗಿದ್ದರೆ, 37ನೇ ಸೆಕ್ಷನ್ ಅಡಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿ ಅಂತ ರಾಜ್ಯ ಜೀವವೈವಿಧ್ಯ ಮಂಡಳಿಗೆ ಬರೆಯಬಹುದು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು, ಸುಮಾರು 54 ಎಕರೆ, 2007ರಲ್ಲಿ ದೇಶದಲ್ಲೇ ಮೊದಲನೆಯದಾಗಿ ಹೀಗೆ ಘೋಷಣೆಯಾಯಿತು. ನಮ್ಮ ಕಡೆಯ ಅಂಬಾರಗುಡ್ಡವೂ ಆ ಪಟ್ಟಿಯಲ್ಲಿದೆ.

ಅಷ್ಟು ದೊಡ್ಡದಕ್ಕೆ ಕೈಹಾಕುವ ಮೊದಲು ಚಿಕ್ಕ ಠರಾವುಗಳನ್ನು ಮಾಡಿಸಿ. ಪಂಚಾಯಿತಿ ಗಿಡ ನೆಡಿಸುವಾಗ ಅಕೇಶಿಯಾ ಬೇಡ, ಮುರುಗಲು, ವಾಟೆ, ರಾಮಪತ್ರೆ, ಉಪ್ಪಾಗೆ ಸಸಿ ಬೇಕು ಅಂತ. ರಸ್ತೆ ಅಗಲ ಮಾಡಲು ಮರ ಗುರುತಿಸುವಾಗ ದಾಖಲಾತಿ ನೋಡಬೇಕು ಅಂತ. ಪ್ರತಿ ಠರಾವಿನಲ್ಲೂ ದಾಖಲಾತಿಯ ಪುಟ ಸಂಖ್ಯೆ ಹಾಕಿಸಿ, ನಡಾವಳಿಯ ನಕಲು ಇಸಿದುಕೊಳ್ಳಿ. ದಾಖಲಾತಿಯ ಒಂದು ಪ್ರತಿ ಊರಿನ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಗ್ರಂಥಾಲಯದಲ್ಲಿರಲಿ, ಜೊತೆಗೆ ದಾರ ಕಟ್ಟಿದ ಒಂದು ಪೆನ್ನೂ ಇರಲಿ. ಹೊಸದಾಗಿ ಸೇರಿಸಿದ್ದನ್ನೆಲ್ಲ ಪ್ರತಿ ಗ್ರಾಮಸಭೆಯ ಶುರುವಿಗೇ ಗಟ್ಟಿಯಾಗಿ ಓದಿಸಿ. ಕೊನೆಗಿಟ್ಟರೆ ಕೇಳಲು ಯಾರೂ ಉಳಿದಿರುವುದಿಲ್ಲ.