ಕೀಲಿ ಇಸ್ಕೊಳ್ಳೋ ಮುಂಚೆ ಟೂಲ್ ಬಾಕ್ಸ್ ತೆಗೆದು ನೋಡಿ

ಸಾತಾರಾ ಇನ್ನೊಂದು ಹದಿನೈದು ಕಿಲೋಮೀಟರ್ ಇತ್ತು. ರಾತ್ರಿ ಎರಡು ಗಂಟೆ. ನಾನು ಓಡಿಸುತ್ತಿದ್ದ ಲಾರಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ಅಹಮದಾಬಾದಿಗೆ. ಹಿಂದಿನ ಆಕ್ಸಲ್‌ನ ಒಳಗಿನ ಟೈರ್ ಢಮ್ಮಂತ ಒಡೆಯಿತು. ಒಳಗಿನದು ಒಡೆದರೆ ಹೊರಗಿನದನ್ನೂ ಬಿಚ್ಚಲೇಬೇಕು, ಕೆಲಸ ಡಬಲ್. ಇರಲಿ ಅಂತ ಜಾಕಿ ಇಟ್ಟು ಲಿವರ್ ಒತ್ತಿದೆ. ಗಾಡಿ ನಾಲ್ಕು ಬೆರಳು ಮೇಲೆದ್ದಿತು. ಬೆವರು ಒರೆಸಿಕೊಂಡು ತಿರುಗಿ ನೋಡುವಷ್ಟರಲ್ಲಿ ಮೆಲ್ಲಗೆ ಕೆಳಗೆ ಕೂತುಬಿಟ್ಟಿತ್ತು. ಜಾಕಿಯ ಸೀಲ್ ಹೋಗಿ ಎಣ್ಣೆ ಸೋರುತ್ತಿತ್ತು. ಮೂರು ಸಲ ಎತ್ತಿದೆ, ಮೂರು ಸಲವೂ ಕೂತಿತು. ಆ ಹೊತ್ತಿನಲ್ಲಿ ನಾನು ಚಕ್ರ ಬಿಚ್ಚಲು ಕೆಳಗೆ ಕೈ ಹಾಕಿದ್ದರೆ ಇವತ್ತು ಇದನ್ನು ಬರೆಯಲು ಕೈ ಇರುತ್ತಿರಲಿಲ್ಲ.

ಕೊನೆಗೆ ತಮಿಳುನಾಡಿನ ನಾಮಕ್ಕಲ್ ಗಾಡಿಯವನೊಬ್ಬ ನಿಲ್ಲಿಸಿ ತನ್ನ ಜಾಕಿ ಕೊಟ್ಟ. ಸ್ಟೆಪ್ನಿ ಇಳಿಸಿದರೆ ಅದು ಸವೆದು ಒಳಗಿನ ನೂಲು ಕಾಣುತ್ತಿತ್ತು. ಅದನ್ನೇ ಹಾಕಿಕೊಂಡು ಮೆಲ್ಲಗೆ ಸಾತಾರಾ ಸೇರಿ, ಖರ್ಚಿಗೆ ಕೊಟ್ಟಿದ್ದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟೈರ್ ತಗೊಂಡೆ. ಊರಿಗೆ ಬಂದು ಲೆಕ್ಕ ಕೊಟ್ಟಾಗ ಗಾಡಿ ಮಾಲೀಕರಾದ ಸಾವ್ಕಾರ್ರು ಆ ದುಡ್ಡನ್ನು ನನ್ನ ಬಾಟಾದಲ್ಲಿ, ಅಂದರೆ ದಿನಭತ್ಯೆಯಲ್ಲಿ, ಮುರಿದುಕೊಂಡರು. "ಗಾಡಿ ಒಯ್ಯೂಮುಂದ ನೋಡ್ಕೊಂಡು ಒಯ್ಯಬೇಕಿಲ್ಲೇನು ತಮ್ಮಾ?" ಅಂದರು. ಸಿಟ್ಟು ಬಂತು. ಆದರೆ ಅರ್ಧ ಮಾತು ನಿಜವೇ ಇತ್ತು. ಟೈರ್ ಕೊಡಿಸಬೇಕಾದವರು ಅವರು. ಇದೆಯೋ ಇಲ್ಲವೋ ಅಂತ ಕೇಳಬೇಕಾದವನು ನಾನು. ನಾಲ್ಕು ವರ್ಷ ಕ್ಲೀನರ್ ಆಗಿದ್ದವನು, ಸ್ಟೇರಿಂಗ್ ಸಿಕ್ಕ ಖುಷಿಯಲ್ಲಿ ಏನೂ ನೋಡದೆ ಹೊರಟಿದ್ದೆ. ಆಗ ಆ ರಸ್ತೆಗೆ ಎನ್‌ಎಚ್ 4 ಅಂತಿದ್ದರು, ಈಗ 48. ರಸ್ತೆ ಬದಲಾಗಿದೆ, ಹೊಸ ಹುಡುಗರು ಮಾಡುವ ತಪ್ಪು ಮಾತ್ರ ಅದೇ.

ಈಗ ಯಾವ ಗಾಡಿ ಹತ್ತುವ ಮುಂಚೆಯೂ ಮೊದಲು ಟೂಲ್ ಬಾಕ್ಸ್ ತೆಗೆಸುತ್ತೇನೆ. ಜಾಕಿಯನ್ನು ಲೋಡ್ ಗಾಡಿಗೆ ಇಟ್ಟು, ಎತ್ತಿ, ಒಂದು ಚಹಾ ಕುಡಿದು ಬಂದು ನೋಡುತ್ತೇನೆ. ಹಾಗೇ ನಿಂತಿದ್ದರೆ ಸರಿ. ಖಾಲಿ ಗಾಡಿಗೆ ಯಾವ ಜಾಕಿಯಾದರೂ ನಿಲ್ಲುತ್ತೆ, ಅದನ್ನು ನೋಡಿ ಮೋಸ ಹೋಗಬೇಡಿ. ವೀಲ್ ಸ್ಪ್ಯಾನರ್ ಜೊತೆ ಉದ್ದನೆಯ ಪೈಪ್ ಇರಬೇಕು, ಇಲ್ಲದಿದ್ದರೆ ಬಿಗಿಯಾದ ನಟ್ಟು ಒಬ್ಬನಿಂದ ಬಿಡೋದಿಲ್ಲ. ಜಾಕಿ ಅಡಿಗೆ ಇಡಲು ಮತ್ತು ಚಕ್ರ ಉರುಳದಂತೆ ಒತ್ತು ಕೊಡಲು ಮರದ ತುಂಡುಗಳು ಬೇಕು. ಇವೆಲ್ಲ ಮಾಲೀಕರು ಕೊಡಬೇಕಾದವು. "ನೀನೇ ತಗೋ, ಆಮೇಲೆ ಕೊಡ್ತೀನಿ" ಅಂದರೆ ಆ ಆಮೇಲೆ ಬರೋದು ಕಷ್ಟ.

ಟಾರ್ಪಾಲಿನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಹೊಸಬರು ಅದನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಮೆಣಸಿನಕಾಯಿ ತೂಕ ಕಡಿಮೆ, ಗಾತ್ರ ಜಾಸ್ತಿ. ಚೀಲಗಳು ಬಾಡಿ ಮೇಲೆ ಗುಡ್ಡದ ಹಾಗೆ ಏರುತ್ತವೆ. ಹಗ್ಗ ಸಡಿಲವಾದರೆ ತಿರುವಿನಲ್ಲಿ ಲೋಡು ಒಂದು ಕಡೆ ವಾಲುತ್ತೆ. ನೀರು ತಾಗಿದರೆ ಕಾಯಿ ಕಪ್ಪಾಗಿ ಬೂಸ್ಟು ಹಿಡಿಯುತ್ತೆ, ಅಲ್ಲಿ ಮಾಲು ಇಳಿಸಿಕೊಳ್ಳುವ ಪಾರ್ಟಿಯವರು ಕೆಟ್ಟ ಚೀಲ ಎಣಿಸಿ ಬಾಡಿಗೆಯಲ್ಲಿ ಮುರಿಯುತ್ತಾರೆ. ಅದು ತಿರುಗಿ ಡ್ರೈವರ್ ತಲೆಗೇ ಬರುತ್ತೆ. ಹಾಗಾಗಿ ಎರಡು ಟಾರ್ಪಾಲು ಕೇಳಿ. ಖಾಲಿ ಗಾಡಿಗೆ ಟಾರ್ಪಾಲು ಹೊದಿಸಿ, ಮಧ್ಯಾಹ್ನದ ಬಿಸಿಲಲ್ಲಿ ಬಾಡಿ ಒಳಗೆ ನಿಂತು ಮೇಲೆ ನೋಡಿ. ತೂತುಗಳಿಂದ ಹಾಡುಹಗಲೇ ನಕ್ಷತ್ರ ಕಂಡರೆ ಆ ಟಾರ್ಪಾಲು ಮಳೆಗಾಲಕ್ಕೆ ಬೇಡ. ನನಗೆ ಇದನ್ನು ಕಲಿಸಿದ್ದು ನಮ್ಮ ಉಸ್ತಾದ್, ಅಂದರೆ ನಮ್ಮ ಗುರು. ಅವರು ನಕ್ಷತ್ರ ಎಣಿಸಿ, ಚಾಕ್‌ಪೀಸಿನಿಂದ ಸುತ್ತು ಗೆರೆ ಎಳೆದು, ಸಾವ್ಕಾರ್ರ ಮುಂದೆಯೇ ತೇಪೆ ಹಾಕಿಸುತ್ತಿದ್ದರು.

ಕಾಗದ ಪತ್ರ. ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್, ಟ್ಯಾಕ್ಸ್, ಹೊಗೆ ತಪಾಸಣೆ. ಈಗ ಡಿಜಿಲಾಕರ್, ಎಂ ಪರಿವಾಹನ್‌ನಲ್ಲಿ ತೋರಿಸಿದರೂ ನಡೆಯುತ್ತೆ, ಆದರೂ ಒಂದು ಸೆಟ್ ಜೆರಾಕ್ಸ್ ಗಾಡಿಯಲ್ಲಿರಲಿ. ಘಾಟಿನಲ್ಲಿ ನೆಟ್‌ವರ್ಕ್ ಇರೋದಿಲ್ಲ ಅಲ್ವಾ? "ಎಲ್ಲಾ ಕ್ಲಿಯರ್ ಐತಿ" ಅನ್ನುವ ಮಾತು ಬೇಡ, ತಾರೀಕು ನೋಡಿ. ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ ವರ್ಷವರ್ಷವೂ ಆಗಬೇಕು, ಹಳೇ ಗಾಡಿಗಳಲ್ಲಿ ತಪ್ಪುವುದೇ ಇದು. ಒಮ್ಮೆ ಎಫ್‌ಸಿ ಮುಗಿದು ಹನ್ನೊಂದು ದಿನವಾಗಿದ್ದ ಗಾಡಿಯಲ್ಲಿ ಸಿಕ್ಕಿಬಿದ್ದೆ. ದಂಡ ಮಾಲೀಕರೇ ಕಟ್ಟಿದರು, ನಿಜ. ಆದರೆ ಎರಡು ದಿನ ಆರ್‌ಟಿಒ ಆಫೀಸ್ ಕಾಂಪೌಂಡಿನಲ್ಲಿ ಗಾಡಿ ಕೆಳಗೆ ಮಲಗಿದವನು ನಾನು, ಆ ಎರಡು ದಿನಕ್ಕೆ ಬಾಟಾ ಇಲ್ಲ. ಹಾಲ್ಟಿಂಗ್ ಆದರೆ, ಅಂದರೆ ಗಾಡಿ ಎಲ್ಲಾದರೂ ನಿಂತುಬಿಟ್ಟರೆ, ದಿನಕ್ಕೆ ಎಷ್ಟು ಅಂತ ಮೊದಲೇ ಮಾತಾಡಬೇಕು ಅಂತ ಕಲಿತದ್ದು ಅಲ್ಲೇ.

ಇನ್ಶೂರೆನ್ಸ್ ಕಾಗದ ಕೈಗೆ ಬಂದಾಗ ಇನ್ನೊಂದು ನೋಡಿ. ಅದರಲ್ಲಿ ಸಂಬಳದ ಡ್ರೈವರ್‌ಗೆ ಕವರ್ ಅನ್ನುವ ಸಾಲು ಇದೆಯಾ, ಕ್ಲೀನರ್‌ಗೆ ಇದೆಯಾ? ಮಾಲೀಕ ತಾನೇ ಗಾಡಿ ಓಡಿಸಿದರೆ ಸಿಗುವ ಕವರ್ ಬೇರೆ, ಅದು ನಿಮಗೆ ಬರೋದಿಲ್ಲ. ಇದಕ್ಕೆ ತಗಲುವ ಪ್ರೀಮಿಯಂ ತೀರಾ ಸಣ್ಣದು, ದುಡ್ಡು ಉಳಿಸಲು ಬಿಟ್ಟೆವು ಅಂತ ಯಾರೂ ಹೇಳುವ ಹಾಗಿಲ್ಲ. ಸುಮ್ನೆ ಕೇಳೋದಕ್ಕೆ ಸಂಕೋಚ ಪಡಬೇಡಿ.

ದಂಡದ ವಿಷಯದಲ್ಲಿ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಸ್ಪೀಡು, ಸೀಟ್ ಬೆಲ್ಟು, ಮೊಬೈಲು ನನ್ನದು. ಕಾಗದ, ಲೈಟು, ಟೈರು, ಓವರ್‌ಲೋಡ್ ಮಾಲೀಕರದು. 2019ರಲ್ಲಿ ಮೋಟಾರು ಕಾಯ್ದೆ ತಿದ್ದಿದ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚಿನ ಟನ್ನಿಗೆ 2,000. ಗುಜರಾತಿನ ಮೊರ್ಬಿಯಿಂದ ವಾಪಸ್ ಬರುವಾಗ ಟೈಲ್ಸ್ ಲೋಡು ಸಿಗುತ್ತೆ. ಮೆಣಸಿನಕಾಯಿಗೆ ಪೂರ್ತಿ ಉಲ್ಟಾ. ಬಾಡಿಯಲ್ಲಿ ಅರ್ಧವೂ ತುಂಬಿದಂತೆ ಕಾಣೋದಿಲ್ಲ, ತೂಕ ಆಗಲೇ ದಾಟಿರುತ್ತೆ. ವೇಬ್ರಿಡ್ಜ್‌ನಲ್ಲಿ ಗಾಡಿ ತೂಗಿಸಿದ ಚೀಟಿ ನೋಡದೆ ಗೇಟ್ ದಾಟಬೇಡಿ. ಚೀಟಿಯ ಫೋಟೋ ಮಾಲೀಕರಿಗೆ ಕಳಿಸಿ, "ಇಷ್ಟಿದೆ, ಹೊರಡಲಾ?" ಅಂತ ಬರೆದು ಕೇಳಿ. ಅವರು ಹೂಂ ಅಂದ ಮೆಸೇಜು ಫೋನಿನಲ್ಲಿರಲಿ. ಹಾಗಂತ ಅದು ಬ್ರೇಕಿಗೆ ಗೊತ್ತಾಗೋದಿಲ್ಲ, ಜಾಸ್ತಿ ಇದ್ದರೆ ಇಳಿಸಿ ಅನ್ನೋದೇ ಒಳ್ಳೇದು.

ಬ್ರೇಕ್ ಅಂದಾಗ ನೆನಪಾಯಿತು. ಒಂದು ಗಾಡಿ ನಾನು ಬೇಡ ಅಂದಿದ್ದೇನೆ, ಒಂದೇ ಒಂದು. ಯಲ್ಲಾಪುರದಿಂದ ಅಂಕೋಲಾ ಕಡೆ ಅರಬೈಲ್ ಘಾಟ್ ಇಳಿಯಬೇಕಿತ್ತು, ಮಳೆಗಾಲ. ಇಂಜಿನ್ ಆಫ್ ಮಾಡಿ ಬ್ರೇಕ್ ನಾಲ್ಕೈದು ಸಲ ತುಳಿದರೆ ಬ್ರೇಕಿನ ಗಾಳಿ ಒತ್ತಡ ತೋರಿಸುವ ಏರ್ ಮುಳ್ಳು ಸರ್ರನೆ ಕೆಳಗೆ ಬರುತ್ತಿತ್ತು. ಗಾಡಿ ಪಕ್ಕ ಕಿವಿಯಿಟ್ಟರೆ ಎಲ್ಲೋ ಸುಂಯ್ ಅನ್ನುವ ಸದ್ದು. ಹೇಳಿದೆ. "ಹತ್ತು ವರ್ಷದಿಂದ ಹೀಗೇ ಓಡ್ತಾ ಇದೆ" ಅಂದರು ಮಾಲೀಕರು. ಕೀಲಿ ಕೊಟ್ಟು ಬಸ್ ಹತ್ತಿದೆ. ಮನೆಯಲ್ಲಿ ಒಂದೂವರೆ ತಿಂಗಳು ಕೂತೆ, ಹೆಂಡತಿಯ ಓಲೆ ಸೊಸೈಟಿಯಲ್ಲಿ ಅಡವಿಗೆ ಹೋಯಿತು. ಇದರ ಬಗ್ಗೆ ನನಗೆ ಹೆಮ್ಮೆ ಏನಿಲ್ಲ, ಆದರೆ ಅದೇ ಗಾಡಿ ಮತ್ತೆ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಡೀಸೆಲ್, ಟೋಲ್, ಪಂಕ್ಚರ್, ಪಾರ್ಕಿಂಗ್, ಹಮಾಲಿ ಇವು ಯಾವುವೂ ಡ್ರೈವರ್ ಖರ್ಚಲ್ಲ. ಫಾಸ್ಟ್‌ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾಗಿದೆ. ಅದರಲ್ಲಿ ದುಡ್ಡಿಲ್ಲದಿದ್ದರೆ ಟೋಲ್ ಜಾಸ್ತಿ ಬೀಳುತ್ತೆ, ಹಾಗಾಗಿ ಹೊರಡುವಾಗಲೇ ಬ್ಯಾಲೆನ್ಸ್ ತೋರಿಸಿ ಅನ್ನಿ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿ ಆದರೆ, ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ ಯಾರು ಹಾಕಿಸುತ್ತಾರೆ ಅಂತಲೂ ಕೇಳಿ. ಅದು ಖಾಲಿಯಾದರೆ ಇಂಜಿನ್ ಶಕ್ತಿ ಇಳಿದು ಗಾಡಿ ಏರಿನಲ್ಲಿ ಎತ್ತಿನ ಬಂಡಿ ಆಗುತ್ತೆ. ಡೀಸೆಲ್ ಆವರೇಜ್, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಹಿಡಿಯುತ್ತಾರೆ, ಕಡಿಮೆ ಬಂದರೆ ಯಾರ ಮೈಮೇಲೆ, ಅದನ್ನೂ ಕೇಳಿ. ಲೋಡ್ ಗಾಡಿಗೂ ಖಾಲಿ ಗಾಡಿಗೂ ಒಂದೇ ಲೆಕ್ಕ ಹಿಡಿಯುವವರ ಹತ್ತಿರ ನಾನು ಕೆಲಸ ಮಾಡೋದಿಲ್ಲ.

ಇನ್ನು ಕ್ಯಾಬಿನ್. 2025ರಿಂದ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ ಮಾಡಿದ್ದಾರೆ. ನಿಮಗೆ ಸಿಗೋದು ಮಾತ್ರ ಬಹುಶಃ ಹಳೇ ಗಾಡಿಯೇ. ಅದರಲ್ಲಿ ಎಸಿ ಕೇಳಿ ಪ್ರಯೋಜನ ಇಲ್ಲ. ಓಡುವ ಫ್ಯಾನು, ಸರಿಯಾಗಿ ಮುಚ್ಚುವ ಗಾಜು, ಹರಿಯದ ಸೀಟು, ಬೀಗ ಹಾಕಲು ಬರುವ ಬಾಗಿಲು, ಇಷ್ಟು ಕೇಳಿ. ಮೆಣಸಿನಕಾಯಿ ಸೀಸನ್ನಿನಲ್ಲಿ ಹಿಂದಿನ ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಇಲ್ಲದಿದ್ದರೆ ಘಾಟು ಒಳಗೆ ಬಂದು ಬೆಳಗಾವಿವರೆಗೂ ಸೀನುತ್ತಾ ಹೋಗಬೇಕು, ನಗಬೇಡಿ. ಹಾಸಿಗೆ, ಹೊದಿಕೆ, ಸಣ್ಣ ಸ್ಟೋವು, ಟಾರ್ಚು ಇವನ್ನು ನಾನು ನನ್ನವೇ ಒಯ್ಯುತ್ತೇನೆ. ಬೇರೆಯವರ ಹಾಸಿಗೆಯಲ್ಲಿ ತಿಗಣೆ ಕೂಡ ಬೇರೆಯವರದೇ ಇರುತ್ತೆ.

ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಸಾಲದು, ಅದರ ಮುಳ್ಳು ಹಸಿರಿನಲ್ಲಿರಬೇಕು. ಫಸ್ಟ್ ಏಡ್ ಡಬ್ಬಿಯಲ್ಲಿ ಔಷಧಿ ಬದಲು ಫ್ಯೂಸು, ಬಲ್ಬು ಇರೋದು ನಮ್ಮ ಕಡೆ ಮಾಮೂಲು. ಗಾಡಿ ಕೆಟ್ಟು ನಿಂತಾಗ ಹಿಂದೆ ಇಡುವ ಕೆಂಪು ತ್ರಿಕೋನ ಕೇಳಿ ಪಡೆಯಿರಿ. ಅದಿಲ್ಲದೆ ಕಲ್ಲು, ಸೊಪ್ಪು ಇಡೋದು, ಹೊರಡುವಾಗ ಕಲ್ಲನ್ನು ಅಲ್ಲೇ ಬಿಟ್ಟು ಹೋಗೋದು, ಹಿಂದೆ ಬರುವ ಬೈಕಿನವನು ಅದರ ಮೇಲೆ ಹತ್ತೋದು, ಇದನ್ನು ಕಣ್ಣಾರೆ ಕಂಡಿದ್ದೇನೆ.

ಕ್ಲೀನರ್ ಕೊಡುತ್ತಾರಾ ಅಂತ ಕೇಳಿ. ಬೇರೆ ರಾಜ್ಯಗಳಿಗೂ ಹೋಗುವ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಬೇಕು ಅನ್ನುವ ನಿಯಮವನ್ನು 2018ರಲ್ಲೇ ತೆಗೆದರು, ಆಮೇಲೆ ಎಷ್ಟೋ ಮಾಲೀಕರು ಕ್ಲೀನರನ್ನೂ ತೆಗೆದರು. 1961ರಲ್ಲಿ ಬಂದ ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು ಅಂತ ಬರೆದಿತ್ತು. ರಸ್ತೆಯಲ್ಲಿ ಅದನ್ನು ಪಾಲಿಸಿದವರನ್ನು ನಾನು ನೋಡಿಲ್ಲ. ನಾನು ಮಾಡೋದು ಇಷ್ಟೇ. ಒಬ್ಬನೇ ಇದ್ದರೆ ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಗಾಡಿ ಓಡಿಸೋದಿಲ್ಲ, ಲೋಡು ಎಷ್ಟೇ ಅರ್ಜೆಂಟ್ ಇರಲಿ. ಇದನ್ನು ಕೆಲಸಕ್ಕೆ ಸೇರುವ ದಿನವೇ ಹೇಳಿಬಿಡುತ್ತೇನೆ. ಕೆಲವರು ಆಗಲೇ ಬೇಡ ಅಂತಾರೆ.

ಇವೆಲ್ಲ ನೋಡಿದ ಮೇಲೆ ಇರುವುದನ್ನು ಒಂದು ಹಾಳೆಯಲ್ಲಿ ಬರೆದು, ಸಾಮಾನನ್ನೆಲ್ಲ ಟಾರ್ಪಾಲಿನ ಮೇಲೆ ಹರಡಿ ಫೋಟೋ ತೆಗೆದು ಮಾಲೀಕರಿಗೆ ಕಳಿಸುತ್ತೇನೆ. ಹೋದ ವರ್ಷ ಒಂದು ಕಡೆ ಕೆಲಸ ಬಿಡುವಾಗ, ಎರಡು ಹಗ್ಗ ಕಡಿಮೆ ಇವೆ ಅಂತ ಸಂಬಳ ಹಿಡಿಯಲು ನೋಡಿದರು. ಫೋಟೋ ತೆಗೆದು ತೋರಿಸಿದೆ. ಗಾಡಿ ಕೊಟ್ಟ ದಿನ ಇದ್ದದ್ದೇ ಆರು ಹಗ್ಗ, ಈಗಲೂ ಆರು. ಅವರು ಎರಡು ಸಲ ಎಣಿಸಿ, ಚಹಾ ತರಿಸಿದರು.