ಜರ್ಮನ್ ಸೈನಿಕನ ಪದಕಪತ್ರ, ಸೇವಾದಾಖಲೆ: ಕೊಳ್ಳುವ ಮುನ್ನ ಓದುವ ಕ್ರಮ

ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನೊಬ್ಬನ ಕಾಗದಗಳ ಕಟ್ಟು ಮಾರಾಟಕ್ಕೆ ಬಂದರೆ ಎಲ್ಲರ ಕಣ್ಣೂ ಮೊದಲು ಪದಕದ ಹೆಸರಿನ ಮೇಲೆ ಬೀಳುತ್ತದೆ. ಅದನ್ನು ಪಕ್ಕಕ್ಕಿಟ್ಟು, ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಒಪ್ಪುತ್ತದೆಯೇ ನೋಡಿ. ನಕಲಿ ಮಾಡುವವರು ಸಿಕ್ಕಿಬೀಳುವುದು ಅಲ್ಲಿಯೇ.

ಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಪುಸ್ತಕಗಳಿರುತ್ತವೆ. ಸೇನೆಗೆ ಹೆಸರು ನೋಂದಾಯಿಸಿಕೊಂಡಾಗ ಕೊಡುತ್ತಿದ್ದ ಸೇವಾಪುಸ್ತಕ ವೇರ್‌ಪಾಸ್. ಪಡೆಗೆ ಸೇರಿದ ಮೇಲೆ ಅದನ್ನು ಕಂಪನಿಯ ಕಚೇರಿಗೆ ಒಪ್ಪಿಸಿ, ಬದಲಿಗೆ ಸೋಲ್ಡ್‌ಬುಖ್ ಪಡೆಯುತ್ತಿದ್ದ. ಅದು ಸಂಬಳದ ಹಾಗೂ ಗುರುತಿನ ಪುಸ್ತಕ, ಸದಾ ಅವನ ಜೇಬಿನಲ್ಲಿ. ಅವನು ಸತ್ತರೆ ವೇರ್‌ಪಾಸ್ ಮನೆಯವರಿಗೆ ಹೋಗುತ್ತಿತ್ತು. ಹಾಗಾಗಿ ವೇರ್‌ಪಾಸ್ ಹೊಸದರಂತಿದ್ದರೆ ಅನುಮಾನ ಬೇಡ. ಮೂರು ವರ್ಷ ರಣರಂಗದಲ್ಲಿದ್ದವನ ಸೋಲ್ಡ್‌ಬುಖ್‌ನಲ್ಲಿ ಬೆವರಿನ ಕಲೆಯಾಗಲಿ, ಸವೆದ ಅಂಚಾಗಲಿ ಇಲ್ಲದಿದ್ದರೆ ಅನುಮಾನ ಪಡಬೇಕು.

ಪದಕಪತ್ರಗಳು ಬಿಡಿ ಹಾಳೆಗಳು, ಹೆಚ್ಚಿನವು ಎ5 ಅಳತೆಯ ಆಸುಪಾಸಿನವು. ಎರಡನೇ ದರ್ಜೆಯ ಐರನ್ ಕ್ರಾಸ್ ಪತ್ರಕ್ಕೆ ಸಾಮಾನ್ಯವಾಗಿ ಡಿವಿಜನ್ ಕಮಾಂಡರನ ಸಹಿ ಇರುತ್ತದೆ. ಬ್ಯಾಜುಗಳಿಗೆ ಕೊಡುತ್ತಿದ್ದ ಹಾಳೆಯ ತಲೆಬರಹ ‘ಬೆಸಿಟ್ಸ್‌ತ್ಸೊಯ್ಗ್ನಿಸ್’, ಅಂದರೆ ಸ್ವಾಧೀನಪತ್ರ. ಅದಕ್ಕೆ ಇನ್ನೂ ಕೆಳಗಿನ ಅಧಿಕಾರಿಯ ಅಥವಾ ಆಸ್ಪತ್ರೆಯ ವೈದ್ಯಾಧಿಕಾರಿಯ ಸಹಿ.

ಈಗ ಸೋಲ್ಡ್‌ಬುಖ್ ತೆರೆಯಿರಿ. 1ನೇ ಪುಟದಲ್ಲಿ ಹೆಸರು, ಬಡ್ತಿಗಳು, ಗುರುತಿನ ಬಿಲ್ಲೆಯ ಸಂಖ್ಯೆ. 4ನೇ ಪುಟದಲ್ಲಿ ಪಡೆಗಳು, 12–13ರಲ್ಲಿ ಆಸ್ಪತ್ರೆವಾಸ, 22ರಲ್ಲಿ ಪದಕಗಳು, 23–24ರಲ್ಲಿ ರಜೆ. ಇವನ್ನು ಒಂದು ಹಾಳೆಯಲ್ಲಿ ತಾರೀಕಿನ ಕ್ರಮದಲ್ಲಿ ಬರೆದುಕೊಳ್ಳಿ, ಪದಕಪತ್ರಗಳ ತಾರೀಕುಗಳನ್ನೂ ನಡುವೆ ಸೇರಿಸಿ. ಉದಾಹರಣೆಗೆ, ಕಪ್ಪು ಬಣ್ಣದ ಗಾಯಾಳು ಬ್ಯಾಜಿನ ಪತ್ರವಿದೆ ಅನ್ನಿ. ಕಪ್ಪು ಅಂದರೆ ಒಂದು ಅಥವಾ ಎರಡು ಗಾಯ, ಬೆಳ್ಳಿ ಮೂರು-ನಾಲ್ಕಕ್ಕೆ, ಚಿನ್ನ ಐದು ಅಥವಾ ಹೆಚ್ಚಿಗೆ. ಪತ್ರದಲ್ಲಿ ಗಾಯವಾದ ದಿನ ಬರೆದಿರುತ್ತದೆ. ಅದರ ಮರುದಿನವೋ ಎರಡು ದಿನ ಬಿಟ್ಟೋ 12ನೇ ಪುಟದಲ್ಲಿ ಆಸ್ಪತ್ರೆಗೆ ದಾಖಲಾದದ್ದು ಕಂಡರೆ ನೆಮ್ಮದಿ. ಸಣ್ಣ ಗಾಯಕ್ಕೆ ಪಡೆಯಲ್ಲೇ ಪಟ್ಟಿ ಕಟ್ಟಿ ಬಿಟ್ಟಿದ್ದರೆ ದಾಖಲಾತಿ ಇರಲಿಕ್ಕಿಲ್ಲ. ಆದರೆ ಗಾಯವಾಯಿತು ಅನ್ನುವ ದಿನ ಅವನು ಊರಲ್ಲಿ ರಜೆಯ ಮೇಲಿದ್ದನೆಂದು 23ನೇ ಪುಟ ಹೇಳಿದರೆ ಆ ಕಟ್ಟನ್ನು ಬಿಟ್ಟುಬಿಡಿ.

ತಾರೀಕುಗಳಿಗೂ ಗಡಿಗಳಿವೆ. ಪದಾತಿ ದಾಳಿ ಬ್ಯಾಜು ಹುಟ್ಟಿದ್ದು 1939ರ ಡಿಸೆಂಬರ್ 20ರಂದು, ಪೂರ್ವ ರಣರಂಗದ ಚಳಿಗಾಲದ ಪದಕ 1942ರ ಮೇ 26ರಂದು, ಕೈಕೈ ಯುದ್ಧದ ಕ್ಲಾಸ್ಪ್ ಎಂಬ ಬ್ಯಾಜು 1942ರ ನವೆಂಬರ್ 25ರಂದು. ಅದಕ್ಕೂ ಮುಂಚಿನ ತಾರೀಕಿನ ಪತ್ರ ಇರಲು ಸಾಧ್ಯವೇ ಇಲ್ಲ. 1942ರ ಅಕ್ಟೋಬರ್‌ನಲ್ಲಿ ಇನ್‌ಫೆಂಟ್ರಿ ರೆಜಿಮೆಂಟುಗಳಿಗೆ ಗ್ರೆನಾಡಿಯರ್ ಎಂಬ ಹೆಸರು ಬಂತು. ಅದಾದ ಮೇಲೂ ಹಳೆಯ ಮೊಹರು, ಹಳೆಯ ಫಾರಂ ಬಳಕೆಯಲ್ಲಿದ್ದವು, ಅದಷ್ಟೇ ದೋಷವಲ್ಲ. ಸಾಮಾನ್ಯ ರೆಜಿಮೆಂಟಿನ 1941ರ ಪತ್ರದಲ್ಲಿ ‘ಗ್ರೆನಾಡಿಯರ್’ ಎಂದು ಟೈಪಾಗಿದ್ದರೆ ಮಾತ್ರ ಎಚ್ಚರ.

ಹೆಚ್ಚು ಜನ ಮೋಸಹೋಗುವುದು ಪೂರ್ತಿ ನಕಲಿಯಿಂದಲ್ಲ, ಅಸಲಿ ಪುಸ್ತಕದ 22ನೇ ಪುಟಕ್ಕೆ ಆಮೇಲೆ ಸೇರಿಸಿದ ಪದಕಗಳಿಂದ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಬೇರೆ ಬೇರೆ ವರ್ಷದ ನಮೂದುಗಳೆಲ್ಲ ಒಂದೇ ಶಾಯಿ, ಒಂದೇ ಕೈಬರಹದಲ್ಲಿದ್ದರೆ ಕಾರಣ ಹುಡುಕಿ. ಪುಸ್ತಕ ಕಳೆದು ಹೊಸದು ಕೊಟ್ಟಾಗಲೂ ಹಾಗಾಗುತ್ತದೆ, ಆಗ ಪುಸ್ತಕ ಕೊಟ್ಟ ತಾರೀಕು ತಡವಾಗಿರಬೇಕು. ರಬ್ಬರ್ ಮೊಹರಿನ ಶಾಯಿ ಒತ್ತಡಕ್ಕೆ ಗೆರೆಯ ಅಂಚಿಗೆ ಸರಿದು ಅಲ್ಲಿ ಗಾಢವಾಗಿರುತ್ತದೆ. ಪ್ರಿಂಟರಿನದಾದರೆ ಬಣ್ಣಬಣ್ಣದ ಚುಕ್ಕಿ ಕಾಣುತ್ತದೆ. ಟೈಪ್ ಮಾಡಿದ ಅಕ್ಷರದ ಅಚ್ಚು ಹಾಳೆಯ ಹಿಂಬದಿಯಲ್ಲಿ ಬೆರಳಿಗೆ ಹತ್ತುತ್ತದೆ. ಬಾಲ್‌ಪೆನ್ನಿನ ಬರಹ ಯುದ್ಧಕಾಲದ್ದಲ್ಲ. ಫೋಟೊ ಇದ್ದರೆ ಮೊಹರಿನ ಅರ್ಧ ಫೋಟೊ ಮೇಲೆ, ಅರ್ಧ ಪುಟದ ಮೇಲೆ ಬಿದ್ದು ಎರಡೂ ಕೂಡಬೇಕು. ಫೋಟೊ ಹಿಡಿದಿರುವ ರಿವೆಟ್ಟಿನ ಸುತ್ತಲಿನ ತುಕ್ಕು ಕೆಳಗಿನ ಕಾಗದಕ್ಕೂ ಇಳಿದಿರಬೇಕು. ಯುದ್ಧದ ಮೊದಲ ವರ್ಷಗಳಲ್ಲಿ ಫೋಟೊ ಕಡ್ಡಾಯವಿರಲಿಲ್ಲ.

ಕತ್ತಲಲ್ಲಿ 365 ನ್ಯಾನೋಮೀಟರಿನ ಯು.ವಿ. ಟಾರ್ಚ್ ಹಾಯಿಸಿ. ಕಾಗದ ನೀಲಿ-ಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕವಿದೆ, ಅದು ಕಾಗದಕ್ಕೆ ಬಂದದ್ದು ಯುದ್ಧದ ನಂತರ. ಮಂಕಾಗಿದ್ದ ಮಾತ್ರಕ್ಕೆ ಅಸಲಿ ಎನ್ನುವಂತಿಲ್ಲ. ಹಳೆಯ ಖಾಲಿ ಫಾರಂ ಮೇಲೆ ಇಂದು ಟೈಪ್ ಮಾಡುವವರೂ ಇದ್ದಾರೆ.

ಕೈಬರಹ ಓದಲು ಹಳೆಯ ಜರ್ಮನ್ ಕೂಡುಬರಹವಾದ ಸ್ಯೂಟರ್ಲಿನ್ ಲಿಪಿಯ ಪಟ್ಟಿ ಎದುರಿಗಿಟ್ಟುಕೊಳ್ಳಿ. ಅದರಲ್ಲಿ ‘ಇ’ ಮತ್ತು ‘ಎನ್’ ಒಂದೇ ಥರ ಕಾಣುವುದರಿಂದ ಊರಿನ ಹೆಸರುಗಳು ತಪ್ಪುತ್ತವೆ.

ಇನ್ನೂ ತಿಳಿಯಬೇಕಿದ್ದರೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವಾದ ಬುಂಡೆಸ್‌ಆರ್ಕೈವ್‌ಗೆ ಅರ್ಜಿ ಹಾಕಬಹುದು. ಸೈನಿಕರ ದಾಖಲೆ ಇಟ್ಟಿದ್ದ ಬರ್ಲಿನ್ನಿನ ಡಾಯ್ಚ ಡೀನ್‌ಸ್ಟ್‌ಸ್ಟೆಲ್ಲ 2019ರಲ್ಲಿ ಅದಕ್ಕೆ ಸೇರಿತು. ಹೆಸರು, ಹುಟ್ಟಿದ ದಿನ, ಹುಟ್ಟೂರು, ಬಿಲ್ಲೆಯ ಸಂಖ್ಯೆ ಕೊಟ್ಟರೆ ಹುಡುಕಾಟ ಸುಲಭ. ಪಾಟ್ಸ್‌ಡ್ಯಾಮ್‌ನ ಸೇನಾ ಪತ್ರಾಗಾರ 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ ಅಪಾರ ಕಡತಗಳು ನಾಶವಾದವು. ಎಷ್ಟೋ ಸೈನಿಕರ ವಿಷಯದಲ್ಲಿ ನಿಮ್ಮ ಕೈಲಿರುವ ಹಾಳೆಗಳೇ ಉಳಿದ ಸಾಕ್ಷಿ. ಆದ್ದರಿಂದ ಕಟ್ಟನ್ನು ಒಡೆದು ಬಿಡಿಬಿಡಿಯಾಗಿ ಮಾರಬೇಡಿ. ಒಮ್ಮೆ ಚದುರಿದ್ದು ಮತ್ತೆ ಕೂಡುವುದು ತೀರಾ ಅಪರೂಪ.

ಹಾಳೆಗಳನ್ನು ಪಾಲಿಯೆಸ್ಟರ್ ಕವರಿನಲ್ಲಿ, ಬೆಳಕಿಲ್ಲದ, ತಂಪಾದ, ತೇವವಿಲ್ಲದ ಕಡೆ ಇಡಿ. ಪಿ.ವಿ.ಸಿ. ಕವರು ಬೇಡ, ಶಾಯಿಯನ್ನು ಎಳೆದುಕೊಳ್ಳುತ್ತದೆ. ಟೇಪು, ಲ್ಯಾಮಿನೇಶನ್ ಎರಡೂ ಕೂಡದು. ತುಕ್ಕು ಹಿಡಿದ ಸ್ಟೇಪಲ್ ಮುಟ್ಟಬೇಡಿ, ಅದೂ ಪುರಾವೆಯೇ. ಕಲೆ ಒರೆಸಲು ಒದ್ದೆ ಬಟ್ಟೆ ತಾಗಿಸಿದರೆ ಆ ಕಾಲದ ಕಾಪಿಯಿಂಗ್ ಪೆನ್ಸಿಲಿನ ಬರಹ ನೇರಳೆಯಾಗಿ ಹರಡಿಬಿಡುತ್ತದೆ, ಸರಿಪಡಿಸಲು ದಾರಿಯಿಲ್ಲ. ಖಾಲಿ ಹಿಂಬದಿಯೂ ಸೇರಿದಂತೆ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಯಾವಾಗ, ಯಾವ ಹಾಳೆಗಳ ಜೊತೆ ಸಿಕ್ಕಿತೆಂದು ಬೇರೊಂದು ಚೀಟಿಯಲ್ಲಿ ಬರೆದು ಕಟ್ಟಿನೊಂದಿಗೇ ಇಡಿ.